ಕರಿಯ ಪದರದ ಒಗಟು: ಅಲ್ಟ್ರಾಮಾಫಿಕ್ ಶಿಲೆಗಳಲ್ಲಿ ಕ್ರೊಮೈಟ್ ಅದಿರು ಹುಟ್ಟುವ ಬಗೆ

ಉಕ್ಕು ತುಕ್ಕು ಹಿಡಿಯದಂತಾಗಬೇಕಾದರೆ ಅದರಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಬೆರೆತಿರಬೇಕು. ಈ ಕೆಲಸಕ್ಕೆ ಕ್ರೋಮಿಯಂಗೆ ಸಾಟಿಯಾಗಬಲ್ಲ ಇನ್ನೊಂದು ಲೋಹ ಇನ್ನೂ ದೊರೆತಿಲ್ಲ. ಆ ಲೋಹವನ್ನು ಲಾಭದಾಯಕವಾಗಿ ಪಡೆಯುವುದಕ್ಕೆ ನಿಸರ್ಗದಲ್ಲಿರುವುದು ಕ್ರೊಮೈಟ್ ಎಂಬ ಒಂದೇ ಅದಿರು. ಜಗತ್ತಿನಲ್ಲಿ ಗೊತ್ತಿರುವ ಕ್ರೊಮೈಟ್ ಸಂಪನ್ಮೂಲದ ಬಹುಪಾಲು ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಮತ್ತು ಕಜಕಸ್ತಾನಗಳಲ್ಲಿದೆ. ಹೀಗಾಗಿ, ಅಮೆರಿಕ ಸರ್ಕಾರವು 2018ರಲ್ಲಿ ಮತ್ತೆ 2022ರಲ್ಲಿ ಹೊರತಂದ ನಿರ್ಣಾಯಕ ಖನಿಜಗಳ ಪಟ್ಟಿಗಳಲ್ಲಿ ಕ್ರೋಮಿಯಂ ಸೇರಿರುವುದು ಸಹಜವೇ ಆಗಿದೆ. ಖನಿಜಗಳ ಪೂರೈಕೆಯ ಕುರಿತ ಚರ್ಚೆ ಸುದ್ದಿಯಾಗುತ್ತಿರುವ ಈ ಹೊತ್ತಿನಲ್ಲಿ ಒಂದು ಮೂಲಭೂತ ಪ್ರಶ್ನೆಯನ್ನು ಬಿಡಿಸಿ ನೋಡಬೇಕಾಗಿದೆ: ಇಷ್ಟು ಅಮೂಲ್ಯವಾದ ಅದಿರು ಕೆಲವೇ ಸ್ಥಳಗಳಲ್ಲಿ, ಅದೂ ಅಳತೆ ಮಾಡಿ ಹಾಸಿದಂಥ ತೆಳುವಾದ ಕರಿಯ ಪದರಗಳಾಗಿ ಏಕೆ ಸಿಗುತ್ತದೆ?

ಈ ಪ್ರಶ್ನೆಗೆ ಭೂವಿಜ್ಞಾನಿಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. ಉತ್ತರದ ಹಲವು ಭಾಗಗಳು ಗಟ್ಟಿಯಾಗಿವೆ. ಕೆಲವು ಇಂದಿಗೂ ವಾದದ ವಿಷಯಗಳಾಗಿಯೇ ಉಳಿದಿವೆ.

ಮೊದಲು ಕೆಲವು ಹೆಸರುಗಳು

ಭೂಮಿಯ ಒಳಗೆ ಕರಗಿದ ಸ್ಥಿತಿಯಲ್ಲಿರುವ ಶಿಲೆಯನ್ನು ಶಿಲಾಪಾಕ ಅಥವಾ ಮ್ಯಾಗ್ಮಾ ಎನ್ನುತ್ತಾರೆ. ಅದು ಮೇಲೇರುತ್ತ ನೆಲದಾಳದಲ್ಲಿ ಎಲ್ಲಿಯಾದರೂ ತಂಗಿದರೆ ಆ ಸ್ಥಳವು ಶಿಲಾಪಾಕದ ಕೋಣೆ ಎನಿಸಿಕೊಳ್ಳುತ್ತದೆ. ಶಿಲಾಪಾಕ ತಣಿಯುವಾಗ ಎಲ್ಲ ಖನಿಜಗಳೂ ಒಟ್ಟಿಗೆ ಹರಳುಗಟ್ಟುವುದಿಲ್ಲ. ಹೆಚ್ಚು ಉಷ್ಣಾಂಶದಲ್ಲಿಯೇ ಘನವಾಗಬಲ್ಲವು ಮೊದಲು ರೂಪುಗೊಳ್ಳುತ್ತವೆ, ಉಳಿದವು ಸರದಿಯಂತೆ ಅನಂತರ ಬರುತ್ತವೆ. ಮೊದಲು ಮೂಡಿದ ಹರಳುಗಳು ಕೋಣೆಯ ತಳದಲ್ಲಿ ಒಂದರ ಮೇಲೊಂದು ಶೇಖರವಾದಾಗ ಪದರಗಳುಳ್ಳ ಶಿಲಾರಾಶಿ ಉಂಟಾಗುತ್ತದೆ.

ಅಲ್ಟ್ರಾಮಾಫಿಕ್ ಶಿಲೆ ಎಂದರೆ ಮೆಗ್ನೀಸಿಯಂ ಮತ್ತು ಕಬ್ಬಿಣ ಹೆಚ್ಚಾಗಿದ್ದು, ಸಿಲಿಕಾ ಶೇ. 45ಕ್ಕಿಂತ ಕಡಿಮೆ ಇರುವ, ಬಹುಮಟ್ಟಿಗೆ ಗಾಢ ಬಣ್ಣದ ಖನಿಜಗಳಿಂದಲೇ ಆದ ಶಿಲೆ. ಇದರಲ್ಲಿ ಮುಖ್ಯವಾಗಿ ಕಾಣುವವು ಹಸಿರು ಛಾಯೆಯ ಒಲಿವಿನ್ ಮತ್ತು ಪೈರಾಕ್ಸೀನ್ ಎಂಬ ಎರಡು ಖನಿಜಗಳು. ಹೆಚ್ಚುಕಡಿಮೆ ಪೂರ್ತಿಯಾಗಿ ಒಲಿವಿನ್‌ನಿಂದಲೇ ಆದ ಶಿಲೆಗೆ ಡ್ಯೂನೈಟ್ ಎಂದು ಹೆಸರು. ಒಲಿವಿನ್ ಜೊತೆಗೆ ಪೈರಾಕ್ಸೀನ್ ಗಮನಾರ್ಹವಾಗಿ ಸೇರಿದ್ದರೆ ಅದು ಪೆರಿಡೊಟೈಟ್. ಭೂಮಿಯ ಹೊರಚಿಪ್ಪಿನ ಕೆಳಗಿರುವ ಮ್ಯಾಂಟಲ್ ಪದರದ ಮೇಲ್ಭಾಗವೆಲ್ಲ ಬಹುತೇಕ ಪೆರಿಡೊಟೈಟ್ ಶಿಲೆಯೇ.

ಕ್ರೊಮೈಟ್ ಕಪ್ಪು ಬಣ್ಣದ, ತೂಕವಾದ ಆಕ್ಸೈಡ್ ಖನಿಜ. ಅದರ ಶುದ್ಧ ರೂಪದಲ್ಲಿ ಪ್ರತಿ ಎರಡು ಕ್ರೋಮಿಯಂ ಪರಮಾಣುಗಳಿಗೆ ಒಂದು ಕಬ್ಬಿಣ ಮತ್ತು ನಾಲ್ಕು ಆಮ್ಲಜನಕದ ಪರಮಾಣುಗಳಿರುತ್ತವೆ; ಆಗ ತೂಕದಲ್ಲಿ ಕ್ರೋಮಿಯಂ ಲೋಹದ ಪಾಲು ಸುಮಾರು ಶೇ. 46. ನಿಸರ್ಗದಲ್ಲಿ ಇಷ್ಟು ಶುದ್ಧವಾದ ಕ್ರೊಮೈಟ್ ಅಪರೂಪ. ಕಬ್ಬಿಣದ ಜಾಗದಲ್ಲಿ ಸ್ವಲ್ಪ ಮೆಗ್ನೀಸಿಯಂ, ಕ್ರೋಮಿಯಂನ ಜಾಗದಲ್ಲಿ ಸ್ವಲ್ಪ ಅಲ್ಯೂಮಿನಿಯಂ ಸೇರಿಕೊಂಡಿರುವುದೇ ಸಾಮಾನ್ಯ. ಕ್ರೊಮೈಟ್ ಹರಳುಗಳೇ ಪ್ರಧಾನವಾಗಿರುವ ಶಿಲೆಯನ್ನು ಕ್ರೊಮಿಟೈಟ್ ಎನ್ನುತ್ತಾರೆ. ಗಣಿಗಾರಿಕೆಯ ಗುರಿ ಇದೇ.

ಕ್ರೋಮಿಯಂ ಬರುವುದು ಎಲ್ಲಿಂದ

ನಾವು ನಿಂತಿರುವ ಹೊರಚಿಪ್ಪಿನ ಶಿಲೆಗಳಲ್ಲಿ ಕ್ರೋಮಿಯಂ ಸರಾಸರಿಯಾಗಿ ಟನ್ನಿಗೆ ನೂರು ಗ್ರಾಂ ಆಸುಪಾಸಿನಲ್ಲಿದೆ. ಮ್ಯಾಂಟಲ್‌ನಲ್ಲಿ ಅದು ಟನ್ನಿಗೆ ಸುಮಾರು 2,500 ಗ್ರಾಂ. ಆದ್ದರಿಂದ ಅದಿರಿನ ಮೂಲವನ್ನು ಮ್ಯಾಂಟಲ್‌ನಲ್ಲಿಯೇ ಹುಡುಕಬೇಕು. ಆದರೆ ಅಲ್ಲಿರುವ ಕ್ರೋಮಿಯಂ ಸುಲಭವಾಗಿ ಬಿಟ್ಟುಕೊಡುವ ಧಾತುವಲ್ಲ. ಮ್ಯಾಂಟಲ್ ಶಿಲೆ ಅಲ್ಪಸ್ವಲ್ಪ ಕರಗಿದಾಗ ಕ್ರೋಮಿಯಂ ಘನವಾಗಿ ಉಳಿದ ಖನಿಜಗಳಲ್ಲಿಯೇ ನಿಂತುಬಿಡುತ್ತದೆ, ಏಕೆಂದರೆ ಮೂರು ಧನವಿದ್ಯುದಂಶ ಹೊತ್ತ ಕ್ರೋಮಿಯಂ ಅಯಾನಿಗೆ ಆ ಹರಳುಗಳ ಕೆಲವು ನಿರ್ದಿಷ್ಟ ಸ್ಥಾನಗಳಲ್ಲಿ ದ್ರವಕ್ಕಿಂತ ಹೆಚ್ಚಿನ ಸ್ಥಿರತೆ ದೊರೆಯುತ್ತದೆ. ಅಲ್ಪ ಪ್ರಮಾಣದ ಕರಗುವಿಕೆಯಿಂದ ಹುಟ್ಟಿ ಸಾಗರತಳದಲ್ಲಿ ಹರಿಯುವ ಬಸಾಲ್ಟ್ ಶಿಲಾಪಾಕದಲ್ಲಿ ಕ್ರೋಮಿಯಂ ಟನ್ನಿಗೆ ಕೆಲವು ನೂರು ಗ್ರಾಂ ಮಾತ್ರ ಇರುವುದಕ್ಕೆ ಇದೇ ಕಾರಣ.

ಮ್ಯಾಂಟಲ್ ಹೆಚ್ಚು ಬಿಸಿಯಾಗಿ, ಹೆಚ್ಚು ಪಾಲು ಕರಗಿದಾಗ ಮಾತ್ರ ಕ್ರೋಮಿಯಂ ಸಮೃದ್ಧವಾಗಿರುವ, ಮೆಗ್ನೀಸಿಯಂ ಪ್ರಧಾನವಾದ ಶಿಲಾಪಾಕ ಹೊರಬರುತ್ತದೆ. ದಕ್ಷಿಣ ಆಫ್ರಿಕಾದ ಬುಷ್‌ವೆಲ್ಡ್ ಶಿಲಾರಾಶಿಗೆ ಮೂಲವಾದ ಮೊದಮೊದಲ ಶಿಲಾಪಾಕದಲ್ಲಿ ಟನ್ನಿಗೆ ಸುಮಾರು 1,000 ಗ್ರಾಂ ಕ್ರೋಮಿಯಂ ಇತ್ತೆಂದು ಅಂದಾಜು. ಭೂಮಿಯ ಒಡಲು ಇಂದಿಗಿಂತ ಹೆಚ್ಚು ಬಿಸಿಯಾಗಿದ್ದ ಪ್ರಾಚೀನ ಕಾಲದಲ್ಲಿ ಇಂಥ ಶಿಲಾಪಾಕ ಹೇರಳವಾಗಿ ಹುಟ್ಟುತ್ತಿತ್ತು. ಪದರರೂಪದ ದೊಡ್ಡ ಕ್ರೊಮೈಟ್ ನಿಕ್ಷೇಪಗಳ ವಯಸ್ಸನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ: ಬುಷ್‌ವೆಲ್ಡ್ ಸುಮಾರು 205 ಕೋಟಿ ವರ್ಷ, ಫಿನ್‌ಲೆಂಡಿನ ಕೆಮಿ ಸುಮಾರು 244 ಕೋಟಿ, ಜಿಂಬಾಬ್ವೆಯ ಗ್ರೇಟ್ ಡೈಕ್ ಸುಮಾರು 257 ಕೋಟಿ, ಅಮೆರಿಕದ ಮೊಂಟಾನಾ ರಾಜ್ಯದ ಸ್ಟಿಲ್‌ವಾಟರ್ ಸುಮಾರು 270 ಕೋಟಿ. ಒಡಿಶಾದ ಸುಕಿಂದ ಕಣಿವೆ ಮತ್ತು ಹಾಸನ ಜಿಲ್ಲೆಯ ನುಗ್ಗೆಹಳ್ಳಿ ಶಿಲಾಪಟ್ಟಿಯ ಕ್ರೊಮೈಟ್ ಇವೆಲ್ಲಕ್ಕಿಂತ ಹಿರಿಯವು. ಅವುಗಳ ವಯಸ್ಸು 300 ಕೋಟಿ ವರ್ಷವನ್ನು ಮೀರುತ್ತದೆ.

ಲೆಕ್ಕಕ್ಕೆ ಸಿಗದಷ್ಟು ದಪ್ಪ

ಒಂದು ಮೀಟರ್ ದಪ್ಪದ ಕ್ರೊಮಿಟೈಟ್ ಪದರ ಎಂದರೆ ಕೇಳುವುದಕ್ಕೆ ದೊಡ್ಡದೆನಿಸುವುದಿಲ್ಲ. ಅದಕ್ಕೆ ಬೇಕಾದ ಕ್ರೋಮಿಯಂ ಎಷ್ಟೆಂದು ಲೆಕ್ಕ ಹಾಕಿದಾಗಲೇ ಸಮಸ್ಯೆಯ ಗಾತ್ರ ತಿಳಿಯುವುದು. ಒಂದು ಚದರ ಮೀಟರ್ ವಿಸ್ತೀರ್ಣದಲ್ಲಿ ಅಂಥ ಪದರದ ತೂಕ ಸುಮಾರು 4.3 ಟನ್ ಎಂದುಕೊಳ್ಳೋಣ. ಅದರಲ್ಲಿ ಕ್ರೋಮಿಯಂ ಶೇ. 30ರಷ್ಟಿದ್ದರೆ ಲೋಹದ ತೂಕ ಹೆಚ್ಚುಕಡಿಮೆ 1.3 ಟನ್ ಆಗುತ್ತದೆ. ಶಿಲಾಪಾಕವು ತನ್ನಲ್ಲಿರುವ ಕ್ರೋಮಿಯಂನಲ್ಲಿ ಟನ್ನಿಗೆ 300 ಗ್ರಾಂ ಬಿಟ್ಟುಕೊಟ್ಟಿತೆಂದು ಉದಾರವಾಗಿ ಭಾವಿಸಿದರೂ, ಒಂದು ಘನ ಮೀಟರ್ ಶಿಲಾಪಾಕದ ತೂಕ ಸುಮಾರು 2.7 ಟನ್ ಆಗಿರುವುದರಿಂದ, ಅದರಿಂದ ದೊರೆಯುವುದು ಸುಮಾರು 800 ಗ್ರಾಂ ಮಾತ್ರ. ಅಂದರೆ ಆ ಒಂದು ಮೀಟರ್ ಪದರಕ್ಕೆ ಕ್ರೋಮಿಯಂ ಒದಗಿಸಲು ಅದರ ಮೇಲೆ 1,600 ಮೀಟರ್ ಎತ್ತರದ ಶಿಲಾಪಾಕದ ಕಂಬ ನಿಂತಿರಬೇಕಾಗಿತ್ತು.

ಬುಷ್‌ವೆಲ್ಡ್‌ನಲ್ಲಿ ಇಂಥ ಪದರ ಒಂದಲ್ಲ. ಕೆಳಗಿನವು, ನಡುವಿನವು, ಮೇಲಿನವು ಎಂದು ಮೂರು ಗುಂಪುಗಳಲ್ಲಿ ಹತ್ತಕ್ಕೂ ಹೆಚ್ಚು ಪದರಗಳಿವೆ. ಗಣಿಗಾರರು ಅವನ್ನು ಎಲ್‌ಜಿ, ಎಂಜಿ, ಯುಜಿ ಎಂಬ ಸಂಕೇತಗಳಿಗೆ ಕ್ರಮಸಂಖ್ಯೆ ಸೇರಿಸಿ ಗುರುತಿಸುತ್ತಾರೆ. ಎಲ್‌ಜಿ-6 ಮತ್ತು ಯುಜಿ-2 ಅವುಗಳಲ್ಲಿ ಹೆಸರಾದವು. ದಪ್ಪ ಒಂದು ಮೀಟರಿನ ಆಚೀಚೆ ಇರುವ ಈ ಪದರಗಳನ್ನು ನೂರಾರು ಕಿಲೋಮೀಟರ್ ದೂರದವರೆಗೆ ಅನುಸರಿಸಬಹುದು. ಇಡೀ ಬುಷ್‌ವೆಲ್ಡ್‌ನ ಪದರಶಿಲೆಗಳ ಒಟ್ಟು ದಪ್ಪ 7ರಿಂದ 9 ಕಿಲೋಮೀಟರ್. ಪ್ರತಿಯೊಂದು ಕ್ರೊಮೈಟ್ ಪದರಕ್ಕೂ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಎತ್ತರದ ಶಿಲಾಪಾಕ ಬೇಕಿತ್ತೆಂದಾದರೆ, ಆ ದ್ರವವೆಲ್ಲ ಎಲ್ಲಿ ಹೋಯಿತು?

ಕೋಣೆಯೊಳಗೆ ಬಂದ ಶಿಲಾಪಾಕವೆಲ್ಲ ಅಲ್ಲಿಯೇ ಉಳಿದು ಹೆಪ್ಪುಗಟ್ಟಲಿಲ್ಲ ಎಂಬುದು ಇದಕ್ಕೆ ಬಹುಮಂದಿ ಒಪ್ಪುವ ವಿವರಣೆ. ಹೊಸ ಶಿಲಾಪಾಕ ಮತ್ತೆ ಮತ್ತೆ ಒಳನುಗ್ಗಿ, ಕ್ರೊಮೈಟನ್ನು ಬಿಟ್ಟು, ಮೇಲಕ್ಕೋ ಪಕ್ಕಕ್ಕೋ ಹರಿದು ಹೋಗಿರಬೇಕು. ಕೋಣೆಯು ಮುಚ್ಚಿದ ಪಾತ್ರೆಯಾಗಿರದೆ ಹರಿವಿನ ದಾರಿಯಾಗಿತ್ತು ಎಂಬ ಈ ತಿಳಿವು ಕೆಮಿಯಂಥ ನಿಕ್ಷೇಪಗಳನ್ನು ಅರ್ಥಮಾಡಿಕೊಳ್ಳಲು ವಿಶೇಷವಾಗಿ ನೆರವಾಗುತ್ತದೆ. ಅಲ್ಲಿನ ಶಿಲಾರಾಶಿ ಬುಷ್‌ವೆಲ್ಡ್‌ಗೆ ಹೋಲಿಸಿದರೆ ತೀರ ಚಿಕ್ಕದು. ಆದರೂ ಅದರ ಕ್ರೊಮಿಟೈಟ್ ಕೆಲವೆಡೆ ಹತ್ತಾರು ಮೀಟರ್ ದಪ್ಪವಾಗಿದೆ. ಅಷ್ಟು ಲೋಹವನ್ನು ಅಲ್ಲಿ ಉಳಿದಿರುವ ಶಿಲೆಯಷ್ಟೇ ಗಾತ್ರದ ದ್ರವವು ಎಂದಿಗೂ ಒದಗಿಸಲಾರದು.

ಭಾರವಾದದ್ದು ಮುಳುಗಿತೆಂಬ ಸುಲಭ ಉತ್ತರ

ಲೋಹದ ಪ್ರಮಾಣದ ಪ್ರಶ್ನೆಗಿಂತ ಕಠಿಣವಾದದ್ದು ಶುದ್ಧತೆಯ ಪ್ರಶ್ನೆ. ಶಿಲಾಪಾಕವು ತನ್ನಷ್ಟಕ್ಕೆ ತಣಿಯುತ್ತ ಹೋದರೆ ಕ್ರೊಮೈಟ್ ಒಂಟಿಯಾಗಿ ಬರುವುದಿಲ್ಲ. ಅದು ಒಲಿವಿನ್ ಜೊತೆಯಲ್ಲಿ, ಅದೂ ನೂರಕ್ಕೆ ಒಂದೆರಡು ಪಾಲಿನಷ್ಟು ಮಾತ್ರ ಹರಳುಗಟ್ಟುತ್ತದೆ. ಹೀಗೆ ಉಂಟಾಗುವುದು ಅಲ್ಲಲ್ಲಿ ಕಪ್ಪು ಚುಕ್ಕೆಗಳಿರುವ ಡ್ಯೂನೈಟ್ ಶಿಲೆಯೇ ಹೊರತು ಅದಿರಿನ ಪದರವಲ್ಲ. ಜಗತ್ತಿನಲ್ಲಿರುವ ಬಹುತೇಕ ಡ್ಯೂನೈಟ್ ಇಂಥದ್ದೇ. ಹಾಗಾದರೆ ಕೆಲವೆಡೆ ಮಾತ್ರ ಒಲಿವಿನ್ ಹಿಂದೆ ಸರಿದು ಕ್ರೊಮೈಟ್ ಒಂದೇ ಪದರಪದರವಾಗಿ ಕೂಡಿದ್ದು ಹೇಗೆ?

ಕ್ರೊಮೈಟ್ ಭಾರವಾದ್ದರಿಂದ ಬೇಗ ಮುಳುಗಿ ತಳದಲ್ಲಿ ಬೇರ್ಪಟ್ಟಿತು ಎಂಬುದು ತಕ್ಷಣ ಹೊಳೆಯುವ ಉತ್ತರ. ಬಹುಕಾಲ ಇದನ್ನೇ ನಂಬಲಾಗಿತ್ತು. ಕ್ರೊಮೈಟ್‌ನ ಸಾಂದ್ರತೆ ನೀರಿನ ನಾಲ್ಕೂವರೆ ಪಟ್ಟು, ಒಲಿವಿನ್‌ನದು ಸುಮಾರು 3.3 ಪಟ್ಟು, ಶಿಲಾಪಾಕದ್ದು ಸುಮಾರು 2.7 ಪಟ್ಟು. ದ್ರವಕ್ಕೆ ಹೋಲಿಸಿದಾಗ ಕ್ರೊಮೈಟ್‌ನ ಹೆಚ್ಚುವರಿ ತೂಕ ಒಲಿವಿನ್‌ನದಕ್ಕಿಂತ ಮೂರು ಪಟ್ಟು ಹೆಚ್ಚು ಎಂಬುದು ನಿಜ. ಆದರೆ ದ್ರವದಲ್ಲಿ ಕಣವೊಂದು ಮುಳುಗುವ ವೇಗವು ಆ ಹೆಚ್ಚುವರಿ ತೂಕವನ್ನು ಮಾತ್ರವಲ್ಲದೆ ಕಣದ ವ್ಯಾಸದ ವರ್ಗವನ್ನೂ ಅವಲಂಬಿಸಿದೆ. ಕ್ರೊಮೈಟ್ ಹರಳುಗಳು ತುಂಬ ಚಿಕ್ಕವು, ಹಲವೊಮ್ಮೆ 0.2 ಮಿಲಿಮೀಟರ್ ಗಾತ್ರದವು. ಒಲಿವಿನ್ ಹರಳುಗಳು 2 ಮಿಲಿಮೀಟರ್ ಇರುವುದು ಸಾಮಾನ್ಯ. ಹತ್ತು ಪಟ್ಟು ದೊಡ್ಡದಾದ ಒಲಿವಿನ್‌ಗೆ ಗಾತ್ರದಿಂದ ದೊರೆಯುವ ಅನುಕೂಲ ನೂರು ಪಟ್ಟು, ಸಾಂದ್ರತೆಯಿಂದ ಕಳೆದುಕೊಳ್ಳುವುದು ಮೂರು ಪಟ್ಟು. ಕೊನೆಯ ಲೆಕ್ಕದಲ್ಲಿ ಹಗುರವಾದ ಒಲಿವಿನ್ ಹರಳೇ ಭಾರವಾದ ಕ್ರೊಮೈಟ್‌ಗಿಂತ ಮೂವತ್ತು ಪಟ್ಟು ವೇಗವಾಗಿ ಮುಳುಗುತ್ತದೆ!

ಹೀಗಾಗಿ ಬರಿಯ ಗುರುತ್ವಾಕರ್ಷಣೆಯಿಂದ ಕ್ರೊಮೈಟ್ ಪದರ ಶುದ್ಧವಾಗಿ ಬೇರೆಯಾಗುವುದು ಕಷ್ಟ. ಒಲಿವಿನ್ ಹುಟ್ಟುವುದೇ ಸ್ವಲ್ಪ ಕಾಲ ನಿಂತು, ಕ್ರೊಮೈಟ್ ಮಾತ್ರ ಹುಟ್ಟುವಂಥ ಸ್ಥಿತಿಯೊಂದು ಏರ್ಪಡಬೇಕು. ಈ ಒಗಟಿನ ತಿರುಳು ಇಲ್ಲಿಯೇ ಇದೆ.

ಎರಡು ಶಿಲಾಪಾಕಗಳು ಬೆರೆತಾಗ

ಕೆನಡಾದ ಉತ್ತರ ಭಾಗದಲ್ಲಿರುವ ಮಸ್ಕಾಕ್ಸ್ ಎಂಬ ಪದರಶಿಲೆಯನ್ನು ಅಧ್ಯಯನ ಮಾಡಿದ ಟಿ. ನೀಲ್ ಅರ್ವಿನ್ ಅವರು 1975ರಲ್ಲಿ ಒಂದು, 1977ರಲ್ಲಿ ಇನ್ನೊಂದು ವಿವರಣೆಯನ್ನು ಮುಂದಿಟ್ಟರು. ಕೋಣೆಯ ಗೋಡೆ ಅಥವಾ ಚಾವಣಿಯ ಸಿಲಿಕಾಭರಿತ ಶಿಲೆ ಕರಗಿ ಶಿಲಾಪಾಕಕ್ಕೆ ಸೇರಿದರೆ ಕ್ರೊಮೈಟ್ ಮಾತ್ರ ಹರಳುಗಟ್ಟುವ ಸ್ಥಿತಿ ಬರುತ್ತದೆ ಎಂಬುದು ಮೊದಲನೆಯದು. ಹೊರಗಿನಿಂದ ಏನೂ ಸೇರದಿದ್ದರೂ, ಕೋಣೆಯಲ್ಲಿ ಆಗಲೇ ಸ್ವಲ್ಪ ತಣಿದು ಬದಲಾಗಿರುವ ಶಿಲಾಪಾಕದೊಳಕ್ಕೆ ಆಳದಿಂದ ಹೊಸ, ಬಿಸಿಯಾದ ಶಿಲಾಪಾಕ ನುಗ್ಗಿ ಬೆರೆತರೆ ಅದೇ ಫಲ ದೊರೆಯುತ್ತದೆ ಎಂಬುದು ಎರಡನೆಯದು. ಎರಡನೆಯ ವಿವರಣೆಯ ಪ್ರಭಾವ ಹೆಚ್ಚು ವ್ಯಾಪಕವಾಗಿದೆ.

ಇದು ಹೇಗೆ ಸಾಧ್ಯ? ಎರಡು ದ್ರವಗಳಲ್ಲಿ ಯಾವುದೂ ಒಂಟಿಯಾಗಿ ಹೆಚ್ಚು ಕ್ರೊಮೈಟನ್ನು ಕೊಡಲಾರದಾದರೆ, ಅವುಗಳ ಮಿಶ್ರಣ ಮಾತ್ರ ಏಕೆ ಕೊಡಬೇಕು? ಚಳಿಗಾಲದ ಮುಂಜಾನೆ ಬಾಯಿಯಿಂದ ಹೊರಟ ಉಸಿರು ಬೆಳ್ಳನೆಯ ಹಬೆಯಾಗಿ ಕಾಣುವುದನ್ನು ನೆನೆಯಿರಿ. ಒಳಗಿನಿಂದ ಬಂದ ಗಾಳಿಯಲ್ಲಿ ತೇವ ತುಂಬಿದ್ದರೂ ಅದು ಬೆಚ್ಚಗಿರುವುದರಿಂದ ನೀರಿನ ಹನಿ ಕಾಣುವುದಿಲ್ಲ. ಹೊರಗಿನ ತಣ್ಣನೆಯ ಗಾಳಿಯಲ್ಲಿಯೂ ಅದು ಹಿಡಿದಿಡಬಲ್ಲಷ್ಟೇ ತೇವವಿದೆ. ಎರಡೂ ಬೆರೆತ ಕ್ಷಣದಲ್ಲಿ ಮಾತ್ರ ಹನಿಗಳು ಮೂಡುತ್ತವೆ. ಕಾರಣ ಇಷ್ಟೇ: ಉಷ್ಣಾಂಶ ಇಳಿದಂತೆ ಗಾಳಿಯ ತೇವ ಹಿಡಿಯುವ ಶಕ್ತಿ ಒಂದೇ ಸಮನಾಗಿ ಇಳಿಯುವುದಿಲ್ಲ, ಮೊದಲು ಕಡಿದಾಗಿ, ಅನಂತರ ನಿಧಾನವಾಗಿ ಇಳಿಯುತ್ತದೆ. ಮಿಶ್ರಣದಲ್ಲಿರುವ ತೇವ ಎರಡರ ಸರಾಸರಿಯಷ್ಟಿರುತ್ತದೆ, ಆದರೆ ಆ ನಡುವಣ ಉಷ್ಣಾಂಶದಲ್ಲಿ ಗಾಳಿ ಹಿಡಿಯಬಲ್ಲದ್ದು ಸರಾಸರಿಗಿಂತ ಕಡಿಮೆ. ಹೆಚ್ಚಾದದ್ದು ಹನಿಯಾಗಿ ಹೊರಬರಲೇಬೇಕು.

ಶಿಲಾಪಾಕದಲ್ಲಿ ಕ್ರೋಮಿಯಂ ಕರಗಿರುವ ಪ್ರಮಾಣವೂ ಇದೇ ರೀತಿ ಬಾಗಿದ ರೇಖೆಯನ್ನು ಅನುಸರಿಸುತ್ತದೆ. ತುಂಬ ಬಿಸಿಯಾದ ಹೊಸ ಶಿಲಾಪಾಕ ಸಾಕಷ್ಟು ಕ್ರೋಮಿಯಂ ಹಿಡಿದಿಟ್ಟುಕೊಳ್ಳುತ್ತದೆ, ತಣಿದ ಹಳೆಯದು ತೀರ ಸ್ವಲ್ಪವನ್ನು ಹಿಡಿಯುತ್ತದೆ. ಎರಡೂ ಬೆರೆತಾಗ ಮಿಶ್ರಣದಲ್ಲಿ ಕ್ರೋಮಿಯಂ ಮಿತಿ ಮೀರುತ್ತದೆ. ಇದೇ ಹೊತ್ತಿನಲ್ಲಿ ಮಿಶ್ರಣದ ರಾಸಾಯನಿಕ ಸಂಯೋಜನೆಯು ಒಲಿವಿನ್ ಹುಟ್ಟುವ ಗಡಿಯಿಂದ ದೂರ ಸರಿದಿರುತ್ತದೆ. ಹೀಗಾಗಿ, ಹೆಚ್ಚುವರಿ ಕ್ರೋಮಿಯಂ ಖರ್ಚಾಗಿ ಸಂಯೋಜನೆಯು ಮತ್ತೆ ಹಳೆಯ ಗಡಿಯನ್ನು ಮುಟ್ಟುವವರೆಗೆ ಕ್ರೊಮೈಟ್ ಒಂದೇ ಹರಳುಗಟ್ಟುತ್ತದೆ. ಆಮೇಲೆ ಒಲಿವಿನ್ ಅಥವಾ ಪೈರಾಕ್ಸೀನ್ ಮರಳುತ್ತದೆ, ಕರಿಯ ಪದರ ಅಲ್ಲಿಗೆ ನಿಲ್ಲುತ್ತದೆ. ಮುಂದೊಮ್ಮೆ ಹೊಸ ಶಿಲಾಪಾಕ ನುಗ್ಗಿದಾಗ ಇನ್ನೊಂದು ಪದರ ಹುಟ್ಟುತ್ತದೆ. ಕರಿಯ ಪದರ ಮತ್ತೆ ಮತ್ತೆ ಏಕೆ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಇಷ್ಟು ನೇರವಾಗಿ ಉತ್ತರ ಕೊಡುವುದೇ ಈ ವಿವರಣೆಯ ದೊಡ್ಡ ಬಲವೆಂದು ನನಗೆ ತೋರುತ್ತದೆ. ಒಂದೊಂದು ಮಿಶ್ರಣದಿಂದ ದೊರೆಯುವ ಹೆಚ್ಚುವರಿ ಕ್ರೋಮಿಯಂ ಅಲ್ಪವೇ ಎಂಬುದು ಅದರ ದೌರ್ಬಲ್ಯ. ಆದ್ದರಿಂದಲೇ ಅಪಾರ ಗಾತ್ರದ ಶಿಲಾಪಾಕ ಹಾದುಹೋಗಿರಬೇಕೆಂಬ ಹಿಂದಿನ ಮಾತನ್ನು ಇದರ ಜೊತೆಗೆ ಸೇರಿಸಿ ನೋಡಬೇಕಾಗುತ್ತದೆ.

ಒತ್ತಡ, ಆಮ್ಲಜನಕ, ನೀರು

ಸಮತೋಲವನ್ನು ಕದಡುವ ಬೇರೆ ದಾರಿಗಳೂ ಇವೆ. ಕೋಣೆಯ ಒತ್ತಡ ಬದಲಾದರೆ ಯಾವ ಖನಿಜ ಮೊದಲು ಹುಟ್ಟಬೇಕೆಂಬ ಸರದಿಯೂ ಬದಲಾಗುತ್ತದೆ. ಒತ್ತಡದ ಬದಲಾವಣೆ ಇಡೀ ಕೋಣೆಯನ್ನು ಏಕಕಾಲಕ್ಕೆ ಮುಟ್ಟುವುದರಿಂದ, ಒಂದೇ ಪದರ ನೂರಾರು ಕಿಲೋಮೀಟರ್ ಹಬ್ಬಿರುವುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ಒತ್ತಡ ಇಳಿಯುವುದು ಕೋಣೆಯಲ್ಲಲ್ಲ, ಶಿಲಾಪಾಕ ಆಳದಿಂದ ಮೇಲೇರುವ ದಾರಿಯಲ್ಲಿಯೇ ಎಂದು ಈಚಿನ ಕೆಲವು ಸಂಶೋಧಕರು ವಾದಿಸುತ್ತಾರೆ. ಅವರ ಪ್ರಕಾರ ಶಿಲಾಪಾಕವು ಕೋಣೆಯನ್ನು ಸೇರುವಾಗಲೇ ಕ್ರೊಮೈಟ್ ಒಂದನ್ನೇ ಕೊಡಲು ಸಿದ್ಧವಾಗಿರುತ್ತದೆ.

ಆಮ್ಲಜನಕದ ಪಾತ್ರ ಸೂಕ್ಷ್ಮವಾದದ್ದು. ಬಿಸಿ ಶಿಲಾಪಾಕದಲ್ಲಿ ಕ್ರೋಮಿಯಂ ಎರಡು ರೂಪಗಳಲ್ಲಿರುತ್ತದೆ: ಎರಡು ಧನವಿದ್ಯುದಂಶ ಹೊತ್ತದ್ದು ಮತ್ತು ಮೂರು ಹೊತ್ತದ್ದು. ಕ್ರೊಮೈಟ್ ಹರಳಿಗೆ ಬೇಕಾದದ್ದು ಎರಡನೆಯದು. ಶಿಲಾಪಾಕದ ಸುತ್ತಲಿನ ಸ್ಥಿತಿ ಹೆಚ್ಚು ಆಕ್ಸೀಕರಣಕಾರಿಯಾದರೆ ಮೊದಲನೆಯ ರೂಪ ಎರಡನೆಯದಾಗಿ ಬದಲಾಗುತ್ತದೆ ಮತ್ತು ಕ್ರೊಮೈಟ್ ಹುಟ್ಟುವುದು ಸುಲಭವಾಗುತ್ತದೆ. ಪಕ್ಕದಲ್ಲಿ ಕಬ್ಬಿಣಭರಿತ ಶಿಲೆಯಿದ್ದು ಅದು ಶಿಲಾಪಾಕಕ್ಕೆ ಕರಗಿದರೂ ಇಂಥ ಸ್ಥಿತಿ ಬರಬಹುದು. ಕೆನಡಾದ ಒಂಟಾರಿಯೊ ಪ್ರಾಂತ್ಯದ ರಿಂಗ್ ಆಫ್ ಫೈರ್ ಪ್ರದೇಶದ ದಪ್ಪ ಕ್ರೊಮೈಟ್ ನಿಕ್ಷೇಪಗಳಿಗೆ ಈ ಕಾರಣವನ್ನು ಕೆಲವರು ಸೂಚಿಸಿದ್ದಾರೆ. ನೀರಿನ ಅಂಶ ಹೆಚ್ಚಾದಾಗ ಒಲಿವಿನ್, ಪೈರಾಕ್ಸೀನ್‌ನಂಥ ಸಿಲಿಕೇಟ್ (ಸಿಲಿಕಾ ಸೇರಿದ) ಖನಿಜಗಳು ಹರಳುಗಟ್ಟುವುದು ತಡವಾಗಿ ಕ್ರೊಮೈಟ್‌ಗೆ ಅವಕಾಶ ದೊರೆಯುತ್ತದೆ ಎಂಬ ವಾದವೂ ಉಂಟು. ಇವು ಒಂದನ್ನೊಂದು ಅಳಿಸಿಹಾಕುವ ವಿವರಣೆಗಳಲ್ಲ. ಒಂದು ನಿಕ್ಷೇಪದಲ್ಲಿ ಮಿಶ್ರಣ, ಇನ್ನೊಂದರಲ್ಲಿ ಗೋಡೆಯ ಶಿಲೆಯ ಕರಗುವಿಕೆ ಮುಖ್ಯವಾಗಿರುವುದು ಸಾಧ್ಯ.

ಹರಳುಗಳು ಪದರವಾಗಿ ಕೂಡಿದ ರೀತಿ

ಕ್ರೊಮೈಟ್ ಒಂದೇ ಹರಳುಗಟ್ಟಿತೆಂದು ಒಪ್ಪಿದರೂ ಅದು ಅಷ್ಟು ಸಪಾಟಾಗಿ ಹರಡಿದ್ದು ಹೇಗೆಂಬ ಪ್ರಶ್ನೆ ಉಳಿಯುತ್ತದೆ. ಇಲ್ಲಿ ಇಂದಿಗೂ ಎರಡು ಪಕ್ಷಗಳಿವೆ. ಮೊದಲನೆಯವರ ಪ್ರಕಾರ, ಹರಳುಗಳು ಬೇರೆಡೆ ಹುಟ್ಟಿ ದ್ರವದೊಡನೆ ಬೆರೆತ ಕೆಸರಿನ ರೂಪದಲ್ಲಿ ಕೋಣೆಯ ನೆಲದ ಮೇಲೆ ಹರಿದವು. ಕೋಣೆಯ ನಡುಭಾಗ ತನ್ನ ತೂಕದಿಂದಲೇ ಕುಸಿಯುತ್ತಿದ್ದಾಗ ಅಂಚಿನಲ್ಲಿ ಕೂಡಿದ್ದ, ಇನ್ನೂ ಗಟ್ಟಿಯಾಗದ ಹರಳುರಾಶಿ ನಡುವಿನತ್ತ ಜಾರಿತು. ಜಾರುವ ಹಾದಿಯಲ್ಲಿ ಚಿಕ್ಕದಾದ, ಭಾರವಾದ ಕ್ರೊಮೈಟ್ ಕಣಗಳು ದೊಡ್ಡ ಸಿಲಿಕೇಟ್ ಹರಳುಗಳ ಸಂದುಗಳಿಂದ ಕೆಳಗಿಳಿದು ಬೇರ್ಪಟ್ಟವು. ನಿಂತ ದ್ರವದಲ್ಲಿ ಆಗದ ಬೇರ್ಪಡೆ ಹರಿಯುವ ಕೆಸರಿನಲ್ಲಿ ಆಗಬಹುದು ಎಂಬುದು ಈ ವಾದದ ಸಾರ.

ಎರಡನೆಯವರು ಹರಳುಗಳು ಕೋಣೆಯ ನೆಲದ ಮೇಲೆಯೇ, ತಾವಿರುವ ಜಾಗದಲ್ಲಿಯೇ ಬೆಳೆದವು ಎನ್ನುತ್ತಾರೆ. ಅವರು ಮುಂದಿಡುವ ಸಾಕ್ಷ್ಯ ಕುತೂಹಲಕರವಾಗಿದೆ. ಬುಷ್‌ವೆಲ್ಡ್‌ನ ಕೆಲವೆಡೆ ಬಿಸಿ ಶಿಲಾಪಾಕವು ಹಳೆಯ ನೆಲವನ್ನು ಕೊರೆದು ಗುಂಡಿಗಳನ್ನು ಮಾಡಿದೆ. ಕ್ರೊಮೈಟ್ ಆ ಗುಂಡಿಗಳ ತಳವನ್ನಷ್ಟೇ ಅಲ್ಲದೆ ಲಂಬವಾದ ಬದಿಗೋಡೆಗಳನ್ನೂ, ಮುಂಚಾಚಿದ ಅಂಚುಗಳ ಕೆಳಮೈಯನ್ನೂ ಲೇಪಿಸಿದಂತೆ ಅಂಟಿಕೊಂಡಿದೆ. ಮೇಲಿನಿಂದ ಮುಳುಗಿ ಬಂದ ಹರಳು ಚಾವಣಿಯಂಥ ಮೈಗೆ ಅಂಟಿಕೊಳ್ಳಲಾರದು. ಅಲ್ಲಿಯೇ ಬೆಳೆದರೆ ಮಾತ್ರ ಅದು ಸಾಧ್ಯ. ಎಕ್ಸ್-ರೇಯಿಂದ ತೆಗೆದ ಮೂರು ಆಯಾಮದ ಚಿತ್ರಗಳಲ್ಲಿಯೂ, ಬಿಡಿಬಿಡಿಯಾಗಿ ಕಾಣುತ್ತಿದ್ದ ಕ್ರೊಮೈಟ್ ಕಣಗಳು ವಾಸ್ತವವಾಗಿ ಸರಪಳಿಯಂತೆ ಒಂದಕ್ಕೊಂದು ಹೊಂದಿಕೊಂಡಿರುವುದು ಕಂಡುಬಂದಿದೆ.

ಇವೆರಡರ ನಡುವೆ ತೀರ್ಪು ಕೊಡಲು ಪದರಗಳ ಸ್ವರೂಪವೇ ಸುಲಭವಾಗಿ ಬಿಡುವುದಿಲ್ಲ. ದಕ್ಷಿಣ ಆಫ್ರಿಕಾದ ಡ್ವಾರ್ಸ್ ನದಿಯ ದಂಡೆಯಲ್ಲಿ ಯುಜಿ-1 ಪದರ ಬಯಲಿಗೆ ತೆರೆದುಕೊಂಡಿದೆ. ಅಲ್ಲಿ ಅನಾರ್ಥೊಸೈಟ್ ಎಂಬ ತಿಳಿಬಣ್ಣದ ಶಿಲೆಯ ನಡುವೆ ಕರಿಯ ಕ್ರೊಮೈಟ್ ಪಟ್ಟಿಗಳು ಕವಲೊಡೆಯುತ್ತವೆ, ಮತ್ತೆ ಕೂಡುತ್ತವೆ, ಕೆಲವು ದಾರಿಯಲ್ಲಿಯೇ ಕೊನೆಯಾಗುತ್ತವೆ. ಹೊಳೆಯ ತಳದ ಮರಳಿನಂತೆ ಒಂದರ ಮೇಲೊಂದು ಶಾಂತವಾಗಿ ಶೇಖರವಾದ ಪದರಗಳೆಂಬ ಚಿತ್ರ ಅಲ್ಲಿ ನಿಲ್ಲುವುದಿಲ್ಲ. ಜಿರ್ಕಾನ್ ಹರಳುಗಳ ನಿಖರ ಕಾಲನಿರ್ಣಯವು ಇನ್ನೊಂದು ತೊಡಕನ್ನು ತಂದಿದೆ: ಬುಷ್‌ವೆಲ್ಡ್‌ನ ಕೆಲವು ಕೆಳಗಿನ ಪದರಗಳು ಮೇಲಿನವಕ್ಕಿಂತ ಕಿರಿಯವಾಗಿ ಕಾಣುತ್ತವೆ. ಅಂದರೆ ಕೆಲವು ಪದರಗಳು ಆಗಲೇ ಗಟ್ಟಿಯಾಗಿದ್ದ ಶಿಲೆಗಳ ನಡುವೆ ಆಮೇಲೆ ನುಗ್ಗಿದ ಶಿಲಾಪಾಕದ ಹಾಸುಗಳಾಗಿರಬಹುದು. ಈ ವ್ಯಾಖ್ಯಾನವನ್ನು ಎಲ್ಲರೂ ಒಪ್ಪಿಲ್ಲ.

ಪದರ ಕೂಡಿದ ಮೇಲೂ ಕೆಲಸ ಮುಗಿಯುವುದಿಲ್ಲ. ಹರಳುಗಳ ಸಂದುಗಳಲ್ಲಿ ಸಿಕ್ಕಿಕೊಂಡ ದ್ರವ ನಿಧಾನವಾಗಿ ಹಿಂಡಿಹೋಗುತ್ತದೆ, ಚಿಕ್ಕ ಕ್ರೊಮೈಟ್ ಕಣಗಳು ಒಂದರೊಳಗೊಂದು ಬೆಸೆದು ದೊಡ್ಡವಾಗುತ್ತವೆ. ಅದಿರಿನ ಅಂತಿಮ ಸಾಂದ್ರತೆಗೆ ಈ ಕೊನೆಯ ಹಂತದ ಕೊಡುಗೆಯೂ ಇದೆ.

ಮೇಲೇರಿದಂತೆ ಬದಲಾಗುವ ಗುಣ

ಬುಷ್‌ವೆಲ್ಡ್‌ನಲ್ಲಿ ಕೆಳಗಿನ ಪದರಗಳಿಂದ ಮೇಲಿನವಕ್ಕೆ ಬಂದಂತೆ ಕಬ್ಬಿಣಕ್ಕೆ ಹೋಲಿಸಿದರೆ ಕ್ರೋಮಿಯಂನ ಪ್ರಮಾಣ ಇಳಿಯುತ್ತ ಹೋಗುತ್ತದೆ. ಹರಳುಗಟ್ಟುತ್ತ ಹೋದ ಶಿಲಾಪಾಕದಲ್ಲಿ ಮೆಗ್ನೀಸಿಯಂ ಮತ್ತು ಕ್ರೋಮಿಯಂ ಬೇಗ ಖರ್ಚಾಗಿ ಕಬ್ಬಿಣ ಉಳಿಯುವುದು ಇದಕ್ಕೆ ಕಾರಣ. ಉಕ್ಕಿನ ಕಾರ್ಖಾನೆಗೆ ಬೇಕಾದ ಫೆರೋಕ್ರೋಮ್ ಎಂಬ ಕಬ್ಬಿಣ-ಕ್ರೋಮಿಯಂ ಮಿಶ್ರಲೋಹವನ್ನು ತಯಾರಿಸುವವರು ಈ ಅನುಪಾತವನ್ನು ಮೊದಲು ನೋಡುತ್ತಾರೆ. ಗ್ರೇಟ್ ಡೈಕ್‌ನ ಉದ್ದ ಸುಮಾರು 550 ಕಿಲೋಮೀಟರ್ ಇದ್ದರೂ ಅದರ ಅದಿರು ಪದರಗಳು ಹಲವೆಡೆ ಗೇಣುದ್ದವೂ ದಪ್ಪವಿಲ್ಲ. ಆದರೂ ಅವನ್ನು ಅಗೆಯುವುದು ಲಾಭದಾಯಕವಾಗಿರುವುದಕ್ಕೆ ಅವುಗಳ ಉತ್ತಮ ಅನುಪಾತವೇ ಕಾರಣ.

ಯುಜಿ-2ರಂಥ ಮೇಲಿನ ಪದರದ ಮೌಲ್ಯ ಬೇರೆಯದು. ಅದರಲ್ಲಿ ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂ ಲೋಹಗಳಿವೆ. ಪ್ಲಾಟಿನಂಗಾಗಿಯೇ ಅದನ್ನು ಅಗೆದು, ಕ್ರೊಮೈಟನ್ನು ಜೊತೆಯ ಉತ್ಪನ್ನವಾಗಿ ಪಡೆಯುತ್ತಾರೆ.

ಪದರವಲ್ಲದ ಕ್ರೊಮೈಟ್

ಕಜಕಸ್ತಾನ, ಟರ್ಕಿ, ಒಮಾನ್ ದೇಶಗಳ ಕ್ರೊಮೈಟ್ ಪದರವಾಗಿರದೆ ಬೀಜದಂಥ, ಮಸೂರದಂಥ ಬಿಡಿ ಗಡ್ಡೆಗಳಾಗಿ ಸಿಗುತ್ತದೆ. ಇವು ಹುಟ್ಟಿದ್ದು ಹೊರಚಿಪ್ಪಿನ ಕೋಣೆಯಲ್ಲಲ್ಲ, ಮ್ಯಾಂಟಲ್‌ನೊಳಗೇ. ಭೂಫಲಕಗಳ ಚಲನೆಯಿಂದ ಸಾಗರತಳದ ತುಂಡುಗಳು ಭೂಖಂಡಗಳ ಮೇಲೆ ಏರಿದಾಗ ಇವೂ ಮೇಲೆ ಬಂದವು. ಆದರೆ ಮೂಲತತ್ವ ದೂರದ್ದಲ್ಲ. ಮೇಲೇರುವ ಶಿಲಾಪಾಕವು ದಾರಿಯ ಮ್ಯಾಂಟಲ್ ಶಿಲೆಯಲ್ಲಿರುವ ಪೈರಾಕ್ಸೀನ್ ಖನಿಜವನ್ನು ಕರಗಿಸಿ ಅಲ್ಲಿ ಒಲಿವಿನ್ ಉಳಿಸುತ್ತದೆ, ಹೀಗೆ ಸಿಲಿಕಾ ಹೆಚ್ಚಾದ ದ್ರವ ಉಂಟಾಗುತ್ತದೆ. ಅದು ಹೊಸದಾಗಿ ಬಂದ ಶಿಲಾಪಾಕದೊಡನೆ ಬೆರೆತಾಗ ಕ್ರೊಮೈಟ್ ಹೊರಬೀಳುತ್ತದೆ. ಇಂಥ ಗಡ್ಡೆಗಳ ಸುತ್ತ ಡ್ಯೂನೈಟ್‌ನ ಕವಚ ಸಾಮಾನ್ಯವಾಗಿ ಕಾಣುವುದು ಈ ಪ್ರತಿಕ್ರಿಯೆಯ ಗುರುತು.

ಮಡಿಸಿ ಮುರಿದ ಪದರಗಳಲ್ಲಿ ಅದಿರಿನ ಹುಡುಕಾಟ

ಕೋಟ್ಯಂತರ ವರ್ಷಗಳಲ್ಲಿ ಅಲ್ಟ್ರಾಮಾಫಿಕ್ ಶಿಲೆ ಹಾಗೆಯೇ ಉಳಿಯುವುದಿಲ್ಲ. ನೀರು ಸೇರಿದಾಗ ಒಲಿವಿನ್ ಖನಿಜವು ಸರ್ಪೆಂಟೀನ್ ಎಂಬ ಮೃದುವಾದ ಹಸಿರು ಖನಿಜವಾಗಿ ಮಾರ್ಪಡುತ್ತದೆ. ಒತ್ತಡಕ್ಕೆ ಸಿಕ್ಕಿದ ಮೃದು ಶಿಲೆ ಜಾರಿ, ಗಟ್ಟಿಯಾದ ಕ್ರೊಮೈಟ್ ಪದರ ತುಂಡುತುಂಡಾಗುತ್ತದೆ. ನುಗ್ಗೆಹಳ್ಳಿ ಪಟ್ಟಿಯಲ್ಲಿ ಅದಿರು ಬಿಡಿ ಮಸೂರಗಳಾಗಿ ಕಾಣುವುದಕ್ಕೆ ಹೀಗೆ ಮಡಿಸಿ ಮುರಿದ ಇತಿಹಾಸವೇ ಕಾರಣ. ಮೂಲತಃ ಅವು ಹಾಸಿನಂಥ ಶಿಲಾರಾಶಿಯ ಪದರಗಳೇ. ಸುಕಿಂದದಲ್ಲಿ ಉಷ್ಣವಲಯದ ಮಳೆ ಮತ್ತು ಬಿಸಿಲು ಸುತ್ತಲಿನ ಶಿಲೆಯನ್ನು ಆಳದವರೆಗೆ ಶಿಥಿಲಗೊಳಿಸಿ, ಅದಿರಿನ ಕೆಲಭಾಗವನ್ನು ಕೈಯಲ್ಲಿ ಉದುರುವಷ್ಟು ಸಡಿಲಗೊಳಿಸಿವೆ.

ಹುಡುಕುವವರಿಗೆ ಈ ತಿಳಿವಳಿಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಒಂದು ಮಸೂರ ಪದರದ ತುಂಡೆಂದು ಗೊತ್ತಾದರೆ, ಮುಂದಿನ ತುಂಡನ್ನು ಮಡಿಕೆಯ ದಿಕ್ಕನ್ನೂ ಬಿರುಕಿನ ಜಾರುವಿಕೆಯನ್ನೂ ಅಳೆದು ಹುಡುಕಬಹುದು. ಮ್ಯಾಂಟಲ್‌ನ ಬಿಡಿ ಗಡ್ಡೆಯಾದರೆ ಅಂಥ ಭರವಸೆಯಿಲ್ಲ. ಸರ್ಪೆಂಟೀನ್ ಶಿಲೆಯ ಸಾಂದ್ರತೆ ಸುಮಾರು 2.6 ಇರುವುದರಿಂದ, ನಾಲ್ಕಕ್ಕೂ ಹೆಚ್ಚು ಸಾಂದ್ರತೆಯ ಅದಿರು ನೆಲದಡಿಯಲ್ಲಿದ್ದರೆ ಅಲ್ಲಿನ ಗುರುತ್ವ ಸೂಕ್ಷ್ಮವಾಗಿ ಹೆಚ್ಚುತ್ತದೆ. ಗುರುತ್ವಮಾಪಕದಲ್ಲಿ ಆ ವ್ಯತ್ಯಾಸ ಕಂಡ ಮೇಲೆ ಕೊರೆಯುವ ಜಾಗವನ್ನು ನಿರ್ಧರಿಸುತ್ತಾರೆ. ಸುತ್ತಲಿನ ಒಲಿವಿನ್ ಪೂರ್ತಿ ಬದಲಾಗಿ ಹೋಗಿದ್ದರೂ ಕ್ರೊಮೈಟ್ ಹರಳಿನ ಒಡಲು ಹಲವು ಬಾರಿ ತನ್ನ ಮೊದಲ ಸಂಯೋಜನೆಯನ್ನು ಕಾಪಾಡಿಕೊಂಡಿರುತ್ತದೆ. ಬದಲಾವಣೆ ಅದರ ಅಂಚಿನಲ್ಲಿ ಮಾತ್ರ ಕಾಣುತ್ತದೆ. ಆ ಒಡಲಿನ ಕ್ರೋಮಿಯಂ, ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಪ್ರಮಾಣಗಳನ್ನು ಅಳೆದೇ, ಮುನ್ನೂರು ಕೋಟಿ ವರ್ಷಗಳ ಹಿಂದೆ ಆ ಹರಳಿಗೆ ಜನ್ಮ ಕೊಟ್ಟ ಶಿಲಾಪಾಕ ಎಂಥದಾಗಿತ್ತೆಂದು ನಿರ್ಧರಿಸುತ್ತಾರೆ.